ಮೆತ್ತನೆ ಹಾಳೆ ಯಾವ ವಿಭಾಗದ್ದು?

"ಗುರುಗಳೇ, ಸಣ್ಣ ಗಿರಾಕಿಗಳ ಹೆಸರನ್ನು ಹೊಸ ವಿಭಾಗದಲ್ಲಿ ಬರೆಯದೆ ಬಿಟ್ಟರೆ ಏನಾಗುತ್ತದೆ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಇಂದುಧರ. ದೊಡ್ಡ ಸಂಸ್ಥೆಗಳ ಮಾರಾಟದ ವ್ಯವಹಾರವನ್ನು ಸಾಫ್ಟ್‌ವೇರಿಗೆ ಅಳವಡಿಸುವ ಕೆಲಸ ಕಲಿಯುತ್ತಿದ್ದ. ಗುರುಗಳು ಚನ್ನವೀರಪ್ಪ. ಅದೇ ಕೆಲಸವನ್ನು ಮೂವತ್ತು ವರ್ಷ ಮಾಡಿ, ಸಾಕಾಗಿ ಬಿಟ್ಟವರು. ಶಿಷ್ಯನ ಕೈಯಲ್ಲಿ ಒಂದು ಪಟ್ಟಿ ಇತ್ತು. ಅದರಲ್ಲಿ ನಲವತ್ತೊಂದು ಹೆಸರುಗಳಿದ್ದವು. ವರ್ಷಕ್ಕೆ ಒಂದೋ ಎರಡೋ ಸಲ ಬಂದು ಏನೋ ಒಂದನ್ನು ಕೊಂಡು ಹೋಗುವವರು ಅವರೆಲ್ಲ. ಅವರನ್ನು ಬಿಟ್ಟರೆ ಅವನ ಕೆಲಸ ಆ ದಿನವೇ ಮುಗಿಯುತ್ತಿತ್ತು.

ಗುರುಗಳು ಪಟ್ಟಿಯನ್ನು ನೋಡಲಿಲ್ಲ. "ವಿಭಾಗ ಎಂದರೇನು, ಮೊದಲು ಅದನ್ನು ಹೇಳು" ಎಂದರು.

"ಸಂಸ್ಥೆ ಮಾರುವ ಸರಕುಗಳನ್ನು ಬಗೆ ನೋಡಿ ಬೇರೆ ಮಾಡುತ್ತೇವೆ. ಒಂದೊಂದು ಬಗೆಯೂ ಒಂದೊಂದು ವಿಭಾಗ. ಒಂದು ಸರಕಿಗೆ ಒಂದೇ ವಿಭಾಗ, ಎರಡು ಇರುವಂತಿಲ್ಲ. ಆರ್ಡರ್ ಬಂದಾಗ ಸಾಫ್ಟ್‌ವೇರ್ ಮೂರು ಪ್ರಶ್ನೆ ಕೇಳುತ್ತದೆ. ಮಾರುವ ಸಂಸ್ಥೆ ಯಾವುದು, ಮಾರುವ ದಾರಿ ಸಗಟೋ ಚಿಲ್ಲರೆಯೋ, ಸರಕಿನ ವಿಭಾಗ ಯಾವುದು. ಈ ಮೂರೂ ಕೂಡುವ ಜಾಗದಲ್ಲಿ ಗಿರಾಕಿಯ ಹೆಸರು ಇರಬೇಕು. ಇಲ್ಲದಿದ್ದರೆ ಆರ್ಡರ್ ಆಗುವುದಿಲ್ಲ."

"ಪಾಠ ಚೆನ್ನಾಗಿಯೇ ಒಪ್ಪಿಸಿದೆ. ನಾನು ಕಲಿಸಿದ್ದೇ ಅಲ್ಲವೇ, ತಪ್ಪು ಹೇಗಾದೀತು? ಈಗ ಆ ಕಾಗದವನ್ನು ಕೆಳಗಿಟ್ಟು ಕತೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ರಬ್ಬರಿನ ಸಾಮಾನು ಮಾರುತ್ತಿದ್ದ. ಗೋದಾಮು ಒಂದು, ಕಟ್ಟೆ ಒಂದು, ಬಾಗಿಲು ಒಂದು. ಯಾರು ಬಂದರೂ ಅದೇ ಕಟ್ಟೆಯ ಮುಂದೆ ನಿಂತು ಬೇಕಾದ್ದನ್ನು ಕೇಳುತ್ತಿದ್ದರು. ಗೋದಾಮಿನ ಮುದುಕ ಒಳಗಿನಿಂದ ತಂದುಕೊಡುತ್ತಿದ್ದ.

ಅಲ್ಲಿಗೆ ಚಪ್ಪಲಿ ಹೊಲಿಯುವವನೊಬ್ಬ ಬರುತ್ತಿದ್ದ. ಹತ್ತು ಹರದಾರಿ ಆಚೆಯ ಹಳ್ಳಿಯವನು. ತಿಂಗಳಿಗೊಮ್ಮೆ ಬಂದು ಚಪ್ಪಲಿಯ ತಳಕ್ಕೆ ಹಾಕುವ ಗಟ್ಟಿ ಅಟ್ಟೆಗಳನ್ನೂ ಅಂಟನ್ನೂ ಒಯ್ಯುತ್ತಿದ್ದ. ಅದು ಹೊಟ್ಟೆಪಾಡಿನ ಕೊಳ್ಳಿಕೆ. ಆರು ತಿಂಗಳಿಗೊಮ್ಮೆ ಇನ್ನೊಂದನ್ನು ಒಯ್ಯುತ್ತಿದ್ದ. ಮೊಳದಗಲದ ಒಂದು ಮೆತ್ತನೆ ರಬ್ಬರ್ ಹಾಳೆ. ಅದು ಅವನ ಹೆಂಡತಿಗೆ.

ಅವನ ಹೆಂಡತಿಗೆ ಹಿಂದೆ ಕುಷ್ಠ ಬಂದಿತ್ತು. ಮಾತ್ರೆ ತಿಂದು ರೋಗ ಪೂರ್ತಿ ವಾಸಿಯಾಗಿತ್ತು. ಆದರೆ ಅಂಗಾಲುಗಳಿಗೆ ಹೋದ ಸ್ಪರ್ಶ ಮರಳಿ ಬರಲಿಲ್ಲ. ಮುಳ್ಳು ಚುಚ್ಚಿದರೆ ತಿಳಿಯುತ್ತಿರಲಿಲ್ಲ. ಕೆಂಡ ತುಳಿದರೂ ತಿಳಿಯುತ್ತಿರಲಿಲ್ಲ. ಅಂಥ ಕಾಲಿಗೆ ಗಟ್ಟಿ ಚಪ್ಪಲಿ ಹಾಕುವಂತಿಲ್ಲ. ಕೆಳಗೆ ಗಟ್ಟಿ ಅಟ್ಟೆ, ಮೇಲೆ ಮೆತ್ತನೆ ಹಾಳೆ ಇರಬೇಕು. ಮೊಳೆ ಹೊಡೆಯಲೇಬಾರದು. ಮೊಳೆ ಮೇಲೆದ್ದರೆ ಎಲ್ಲರ ಕಾಲೂ ಚೀರುತ್ತದೆ, ಆ ಕಾಲು ಸುಮ್ಮನಿರುತ್ತದೆ. ಆದ್ದರಿಂದ ಅಂಟು ಹಚ್ಚಿ ಹೊಲಿಯಬೇಕು, ಹೊಲಿಗೆಯ ಗಂಟು ಹೊರಮೈಗೆ ಬರಬೇಕು.

ಕುಷ್ಠದ ಆಸ್ಪತ್ರೆಯವರು ವರ್ಷಕ್ಕೊಂದು ಜೊತೆ ಚಪ್ಪಲಿ ಹಂಚುತ್ತಿದ್ದರು. ಅವಳ ಕಾಲ್ಬೆರಳುಗಳು ಮಡಚಿಕೊಂಡಿದ್ದವು, ಆ ಚಪ್ಪಲಿಗಳು ಅವಳ ಕಾಲಿಗೆ ಹೊಂದುತ್ತಿರಲಿಲ್ಲ. ಹಾಗಾಗಿ ಅವನೇ ಮಾಡುವುದನ್ನು ಕಲಿತಿದ್ದ. ದಿನವೂ ಸಂಜೆ ಅವಳ ಕಾಲುಗಳನ್ನು ತೊಳೆದು, ಒರೆಸಿ, ಅಂಗಾಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಅವಳ ಕಾಲು ಹೇಳಲಾಗದ್ದನ್ನು ಅವನ ಕಣ್ಣು ಹುಡುಕಬೇಕಿತ್ತು. ಆಮೇಲೆ ಚಪ್ಪಲಿಯ ಮೇಲೆ ಹೆಬ್ಬೆರಳು ಒತ್ತುತ್ತಿದ್ದ. ಒತ್ತಿದ ಜಾಗ ಮೇಲೆದ್ದರೆ ಚಪ್ಪಲಿ ಚೆನ್ನಾಗಿದೆ. ತಗ್ಗು ಹಾಗೆಯೇ ನಿಂತರೆ ಹಾಳೆ ಸತ್ತಿದೆ, ಹೊಸದು ತರಬೇಕು. ಹನ್ನೊಂದು ವರ್ಷ ಹೀಗೆ ನಡೆಯಿತು. ಹನ್ನೊಂದು ವರ್ಷ ಅವಳ ಕಾಲಿಗೆ ಒಂದು ಹುಣ್ಣೂ ಆಗಲಿಲ್ಲ.

ವರ್ತಕನ ವ್ಯಾಪಾರ ಬೆಳೆಯಿತು. ಬೆಳೆದಂತೆ ಗೊಂದಲವೂ ಬೆಳೆಯಿತು. ಲಾರಿಯ ಟ್ಯೂಬು ಆಸ್ಪತ್ರೆಗೆ ಹೋಗುತ್ತಿತ್ತು, ಆಸ್ಪತ್ರೆಯ ನಳಿಕೆ ಗ್ಯಾರೇಜಿಗೆ ಹೋಗುತ್ತಿತ್ತು. ಇಲ್ಲವೆನ್ನುವುದಿಲ್ಲ, ಹಾಗೆ ನಡೆಸಲಾಗದು. ವರ್ತಕ ಸಾಫ್ಟ್‌ವೇರ್ ತರಿಸಿದ. ಅಳವಡಿಸಲು ಒಬ್ಬ ಬಂದ. ಅವನು ಬುದ್ಧಿವಂತ. ನಿನ್ನ ಹಾಗೆ, ಒಂದು ಕಾಲದ ನನ್ನ ಹಾಗೆ.

ಅವನು ಮೂರು ವಿಭಾಗ ಮಾಡಿದ. ಚಪ್ಪಲಿ ವಿಭಾಗ, ವಾಹನ ವಿಭಾಗ, ಆಸ್ಪತ್ರೆ ವಿಭಾಗ. ಒಂದೊಂದಕ್ಕೂ ಒಬ್ಬ ಮೇಲ್ವಿಚಾರಕ. ಪ್ರತಿ ಸರಕನ್ನೂ ಎತ್ತಿ ಹಿಡಿದು, ಇದು ಯಾವ ವಿಭಾಗದ್ದು ಎಂದು ಕೇಳಿದ. ಎಲ್ಲವೂ ಸರಾಗವಾಗಿ ಸಾಗಿತು. ಮೆತ್ತನೆ ಹಾಳೆ ಬಂದಾಗ ಮಾತ್ರ ನಿಂತಿತು. ಚಪ್ಪಲಿಯವನು ನಮ್ಮದು ಎಂದ. ಆಸ್ಪತ್ರೆಯವನು ನಮ್ಮದು ಎಂದ. ಹಾಸಿಗೆ ಹಿಡಿದ ರೋಗಿಗಳ ಬೆನ್ನಿನ ಕೆಳಗೆ ಹಾಸಲು ಆಸ್ಪತ್ರೆಗಳು ಅದನ್ನು ಕಟ್ಟುಗಟ್ಟಲೆ ಕೊಳ್ಳುತ್ತಿದ್ದವು. "ಹೆಚ್ಚು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಬರೆ" ಎಂದ ವರ್ತಕ. ಅಳವಡಿಸುವವನು ಬರೆದ.

ಗಿರಾಕಿಗಳಿಗೂ ಹಾಗೆಯೇ ಮಾಡಿದ. ಯಾರ ಕಸುಬು ಏನೋ ಅದೇ ಅವರ ವಿಭಾಗ. ಚಪ್ಪಲಿ ಹೊಲಿಯುವವನ ಹೆಸರು ಚಪ್ಪಲಿ ವಿಭಾಗಕ್ಕೆ ಹೋಯಿತು. ಅವನನ್ನು ಬೇರೆಲ್ಲಿಗೆ ಹಾಕುತ್ತಿದ್ದೆ, ನೀನೇ ಹೇಳು.

ಗಿರಾಕಿಗಳನ್ನೆಲ್ಲ ಒಂದೇ ಸಾಮಾನ್ಯ ವಿಭಾಗದಡಿ ಬರೆದು, ಯಾರು ಯಾವ ಸರಕನ್ನಾದರೂ ಕೊಳ್ಳುವಂತೆ ಮಾಡುವ ಅನುಕೂಲವೂ ಅದರಲ್ಲಿತ್ತು. ಅದನ್ನು ಅಳವಡಿಸುವವನು ಹೇಳಿದ. ವರ್ತಕ ಒಪ್ಪಲಿಲ್ಲ. ಯಾವ ವಿಭಾಗ ದುಡಿಯುತ್ತದೆ, ಯಾವುದು ಕೂತು ತಿನ್ನುತ್ತದೆ ಎಂಬುದು ತನಗೆ ಬೇರೆಬೇರೆಯಾಗಿ ಕಾಣಬೇಕು ಎಂದ. ಅಳವಡಿಸುವವನು ಎರಡನೆಯ ಸಲ ಹೇಳಲಿಲ್ಲ. ಅವನಿಗೆ ಇನ್ನೊಂದು ಊರಿನಲ್ಲಿ ಕೆಲಸ ಕಾದಿತ್ತು. ಅವನಿಗೆ ಹಾರ ಹಾಕಿ ಕಳಿಸಿಕೊಟ್ಟರು.

ಆರು ತಿಂಗಳು ತುಂಬಿತು. ಹೆಬ್ಬೆರಳು ಒತ್ತಿದ ಜಾಗ ಮೇಲೇಳಲಿಲ್ಲ. ಚಪ್ಪಲಿ ಹೊಲಿಯುವವನು ಪಟ್ಟಣಕ್ಕೆ ಬಂದ. ಕಟ್ಟೆ ಮೂರಾಗಿತ್ತು. ತನ್ನ ಕಟ್ಟೆಯ ಮುಂದೆ ನಿಂತು ಹಾಳೆ ಕೇಳಿದ. ಗುಮಾಸ್ತ ಕಂಪ್ಯೂಟರಿನ ಗುಂಡಿ ಒತ್ತಿ ನೋಡಿದ, ಮತ್ತೆ ಒತ್ತಿದ.

"ನಿಮ್ ಹೆಸ್ರು ಚಪ್ಪಲಿ ವಿಭಾಗದಾಗೈತಿ ಯಜಮಾನ್ರೇ. ಈ ಹಾಳೆ ಆಸ್ಪತ್ರೆ ವಿಭಾಗದ್ದು. ಕಂಪ್ಯೂಟರ್ ತಗಳಲ್ಲ."

"ಹನ್ನೊಂದ್ ವರ್ಷದಿಂದ ಒಯ್ತಾ ಇದೀನಲ್ಲಣ್ಣ. ಅಗಾ, ಅಲ್ಲೇ ಕಾಣ್ತಾವೆ."

ಹಾಳೆಗಳು ನಿಜಕ್ಕೂ ಕಾಣುತ್ತಿದ್ದವು. ಗೋದಾಮಿನ ಬಾಗಿಲು ತೆರೆದಿತ್ತು. ಗೋದಾಮಿನ ಮುದುಕ ಅಲ್ಲೇ ನಿಂತಿದ್ದ. ಅವನಿಗೆ ಇವನ ಹೆಂಡತಿಯ ಕಾಲಿನ ವಿಷಯ ಗೊತ್ತಿತ್ತು. ಆದರೆ ಈಗ ಪ್ರತಿ ಹಾಳೆಗೂ ಒಂದು ಸಂಖ್ಯೆ ಅಂಟಿಸಿದ್ದರು. ಒಂದು ಕಡಿಮೆಯಾದರೆ ಸಂಜೆಯೊಳಗೆ ತಿಳಿಯುತ್ತಿತ್ತು. ಕತ್ತರಿಸಿ ಉಳಿದ ಚೂರುಗಳನ್ನಾದರೂ ಕೊಡೋಣವೆಂದು ಮುದುಕ ಬಗ್ಗಿದ. ಆಗ ನೆನಪಾಯಿತು, ಚೂರುಗಳನ್ನೂ ಒಂದು ಸರಕೆಂದು ಬರೆದಿದ್ದರು, ಅವಕ್ಕೂ ಒಂದು ವಿಭಾಗವಿತ್ತು. ಬಗ್ಗಿದವನು ಬರಿಗೈಯಲ್ಲಿ ಎದ್ದು ಒಳಗೆ ಹೋದ. ಅವನನ್ನು ನಾನು ಬಯ್ಯಲಾರೆ. ಅವನಿಗೂ ಮನೆಯಿತ್ತು.

ಚಪ್ಪಲಿ ಹೊಲಿಯುವವನು ಆಸ್ಪತ್ರೆ ವಿಭಾಗದ ಮೇಲ್ವಿಚಾರಕನ ಬಳಿಗೆ ಹೋದ. ಅವನು ಕೂರಿಸಿ ಮಾತಾಡಿಸಿದ. ಕೆಟ್ಟವನಲ್ಲ. ಹೆಸರನ್ನು ಈ ವಿಭಾಗಕ್ಕೂ ವಿಸ್ತರಿಸಬಹುದು, ಅದಕ್ಕೊಂದು ಅರ್ಜಿ ಇದೆ ಎಂದ. ಅರ್ಜಿಯಲ್ಲಿ ಆಸ್ಪತ್ರೆಯ ನೋಂದಣಿ ಸಂಖ್ಯೆಗೆ ಒಂದು ಜಾಗವಿತ್ತು. ಅದನ್ನು ತುಂಬದಿದ್ದರೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ.

"ನಿಮ್ದು ಆಸ್ಪತ್ರೆನಾ?"

"ಅಲ್ರೀ. ನನ್ನ ಹೆಂಡ್ತಿ ಕಾಲಿಗೆ."

"ಹೆಂಡ್ತಿ ಕಾಲಿಗೆ ಅಂತ ಬರಿಯಾಕೆ ಇದ್ರಾಗ ಜಾಗ ಇಲ್ವಲ್ಲಪ್ಪ."

ಚಪ್ಪಲಿ ಹೊಲಿಯುವವನು ಮೂರು ಸಲ ಅಲೆದು ಕುಷ್ಠದ ಆಸ್ಪತ್ರೆಯ ಡಾಕ್ಟರಿಂದ ಕಾಗದ ಬರೆಸಿ ತಂದ. ಅದರಲ್ಲಿ ಸಂಖ್ಯೆಯೂ ಇತ್ತು. ಅರ್ಜಿ ಮುಂದೆ ಹೋಯಿತು. ಈಗ ಎರಡು ಒಪ್ಪಿಗೆ ಬೇಕಿತ್ತು. ಗಿರಾಕಿ ಇರುವ ವಿಭಾಗದ್ದು ಒಂದು, ಹೋಗುವ ವಿಭಾಗದ್ದು ಇನ್ನೊಂದು. ಚಪ್ಪಲಿ ವಿಭಾಗದವನಿಗೆ ತನ್ನ ಗಿರಾಕಿ ಪೂರ್ತಿ ಅತ್ತ ಹೋದಾನೆಂಬ ಅನುಮಾನ. ಆಸ್ಪತ್ರೆ ವಿಭಾಗದವನಿಗೆ ಆರು ತಿಂಗಳಿಗೊಂದು ಹಾಳೆ ಕೊಳ್ಳುವವನು ಯಾಕೆಂಬ ಉದಾಸೀನ. ಮೊದಲು ಅವರು ಒಪ್ಪಲಿ ಎಂದು ಇವನು, ಮೊದಲು ಇವರು ಒಪ್ಪಲಿ ಎಂದು ಅವನು. ಮೂವತ್ತು ದಿನ ಅಲ್ಲಾಡದ ಅರ್ಜಿ ತಾನಾಗಿಯೇ ರದ್ದಾಗುವಂತೆ ಅಳವಡಿಸಿದ್ದರು. ಮೂವತ್ತೊಂದನೆಯ ದಿನ ಅದು ರದ್ದಾಯಿತು. ಅವನು ಹೊಸ ಅರ್ಜಿ ಹಾಕಿದ.

ನೀನು ಕೇಳಬಹುದು, ಬೇರೆ ಕಡೆ ಕೊಳ್ಳಬಾರದಿತ್ತೇ ಎಂದು. ಕೊಂಡ. ನೋಡಲು ಅಂಥದ್ದೇ ಹಾಳೆ. ಒಂದು ವಾರದಲ್ಲಿ ಹಲಗೆಯಾಯಿತು. ಅದನ್ನು ಕಿತ್ತು, ಹಳೆಯ ಸೀರೆಯನ್ನು ಮಡಿಕೆ ಮಾಡಿ ಅಟ್ಟೆಯ ಮೇಲೆ ಹೊಲಿದ. ಅದೂ ನಾಲ್ಕು ದಿನಕ್ಕೆ ಗಟ್ಟಿಯಾಯಿತು. ಬಿಚ್ಚಿ ಮತ್ತೆ ಹೊಲಿದ. ಅವಸರದ ಹೊಲಿಗೆ.

ಹೆಂಡತಿಗೆ ಅವನ ಅಲೆದಾಟ ಕಂಡು ಮರುಕವಾಯಿತು.

"ನಂಗೇನೂ ನೋಯ್ತಿಲ್ಲ ಬಿಡು. ಸುಮ್ನೆ ಯಾಕೆ ಅಲೀತೀಯ?"

"ನೋಯ್ತಿಲ್ಲ ಅಂತೀಯಲ್ಲ, ಅದಕ್ಕೇ ಕಣೇ ನನಗೆ ದಿಗಿಲು."

ಎರಡನೆಯ ಅರ್ಜಿಗೆ ಇಪ್ಪತ್ತೆಂಟು ದಿನವಾಗಿತ್ತು. ಇದೂ ರದ್ದಾದರೆ ಮತ್ತೆ ಮೊದಲಿನಿಂದ. ಅವನು ಪಟ್ಟಣಕ್ಕೆ ಓಡಿದ. ಗುಮಾಸ್ತ ಕನಿಕರದಿಂದಲೇ, "ನಾಳೆ ಆಗುತ್ತೆ, ಊರಿಗೆ ಹೋಗಬೇಡಿ, ಇಲ್ಲೇ ಇರಿ" ಎಂದ. ಅವನು ಬಸ್ ನಿಲ್ದಾಣದಲ್ಲಿ ಉಳಿದುಕೊಂಡ. ಮರುದಿನ ಒಬ್ಬ ಮೇಲ್ವಿಚಾರಕ ರಜೆಯಲ್ಲಿದ್ದ. ನಾಳೆ ಬನ್ನಿ ಎಂದರು. ಅವನು ಇನ್ನೂ ಒಂದು ದಿನ ಉಳಿದ. ಕೊನೆಗೆ ಒಂದು ಒಪ್ಪಿಗೆ ಬಿದ್ದು ಅರ್ಜಿ ರದ್ದಾಗದೆ ಉಳಿಯಿತು, ಇನ್ನೊಂದು ಒಪ್ಪಿಗೆ ಬಾಕಿಯೇ ಆಯಿತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಎರಡು ಸಂಜೆ ಅವಳ ಅಂಗಾಲನ್ನು ಯಾರೂ ನೋಡಲಿಲ್ಲ.

ಅವಳು ಎಂದಿನಂತೆ ನೀರು ತಂದಳು, ಕಸ ಗುಡಿಸಿದಳು, ಸೌದೆ ಒಡೆದಳು. ಎರಡನೆಯ ದಿನ ಮಧ್ಯಾಹ್ನ ನಡುಮನೆಯಲ್ಲಿ ಹೆಜ್ಜೆ ಗುರುತುಗಳು ಕಂಡವು. ಕೆಂಪಗಿದ್ದವು. ತಾನಿಲ್ಲದಾಗ ಯಾರೋ ಒಳಗೆ ಬಂದು ಹೋಗಿದ್ದಾರೆ ಎಂದುಕೊಂಡಳು. ಪಕ್ಕದ ಮನೆಯವಳನ್ನು ಕರೆದು, ಯಾರು ಬಂದಿದ್ದರು ನೋಡಿದೆಯಾ ಎಂದು ಕೇಳಿದಳು. ಪಕ್ಕದ ಮನೆಯವಳು ನೆಲವನ್ನು ನೋಡಿದಳು, ಆಮೇಲೆ ಇವಳ ಕಾಲನ್ನು ನೋಡಿ ಬಾಯಿಗೆ ಸೆರಗು ಹಿಡಿದಳು.

ಹೊಲಿಗೆಯ ಗಂಟು ಒಳಮೈಗೆ ಬಂದಿತ್ತು. ಹನ್ನೊಂದು ವರ್ಷ ತಪ್ಪದ ಕೈ ಅವಸರದಲ್ಲಿ ತಪ್ಪಿತ್ತು. ಗಂಟು ಅವಳ ಅಂಗಾಲಿನಲ್ಲಿ ಗುಳಿ ತೋಡಿತ್ತು, ಅವಳು ಅದರ ಮೇಲೆಯೇ ಎರಡು ದಿನ ನಡೆದಿದ್ದಳು.

ಅವನು ಬಂದು ಕಾಲು ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿದ. ಹುಣ್ಣು ಎಲುಬಿಗೆ ಇಳಿಯಿತು. ಕೀವು ಮೇಲಕ್ಕೆ ಏರಿತು. ದೊಡ್ಡಾಸ್ಪತ್ರೆಯಲ್ಲಿ ಎಡಗಾಲನ್ನು ಪಾದದ ಗಂಟಿನ ಮೇಲಿನವರೆಗೆ ಕತ್ತರಿಸಿ ತೆಗೆದರು. ಆ ಆಸ್ಪತ್ರೆಯ ಮಂಚದಲ್ಲಿ ಅವಳ ಬೆನ್ನಿನ ಕೆಳಗೆ ಒಂದು ಮೆತ್ತನೆ ಹಾಳೆ ಹಾಸಿದ್ದರು. ಅವನು ಅದರ ಮೇಲೆ ಹೆಬ್ಬೆರಳು ಒತ್ತಿ ನೋಡಿದ. ಒತ್ತಿದ ಜಾಗ ಮೇಲೆದ್ದಿತು. ಅದೇ ಹಾಳೆ. ಅವನು ಮಂಚದ ಕಾಲಿಗೆ ಹಣೆ ಒತ್ತಿಕೊಂಡು ಅತ್ತ.

ಕಾಲು ತೆಗೆದ ನಾಲ್ಕನೆಯ ದಿನ ಅವನ ಫೋನಿಗೆ ಸಂದೇಶ ಬಂತು. ತಮ್ಮ ಅರ್ಜಿ ಮಂಜೂರಾಗಿದೆ, ಆಸ್ಪತ್ರೆ ವಿಭಾಗಕ್ಕೆ ಸ್ವಾಗತ ಎಂದು ಇತ್ತು.

ಇನ್ನೊಂದು ಕಾಲು ಉಳಿದಿತ್ತಲ್ಲ. ಅವನು ಹೋಗಿ ಹಾಳೆ ತಂದ. ಗೋದಾಮಿನ ಮುದುಕ ಕೊಟ್ಟ, ಮುಖ ನೋಡಲಿಲ್ಲ. ಅವನು ಮನೆಗೆ ಬಂದು, ಹಾಳೆಯನ್ನು ಎರಡಾಗಿ ಮಡಚಿ, ರೂಢಿಯಂತೆ ಒಂದೇ ಏಟಿಗೆ ಎರಡೂ ಕಾಲಿನ ಅಳತೆ ಕತ್ತರಿಸಿದ. ಕತ್ತರಿಸಿದ ಮೇಲೆ ನೆನಪಾಯಿತು. ಎಡಗಾಲಿನದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತ. ಆಮೇಲೆ ಅದನ್ನು ಮಗುಚಿ ಇಟ್ಟ. ಮೆತ್ತನೆ ಹಾಳೆಗೆ ಎರಡೂ ಮೈ ಒಂದೇ, ಮಗುಚಿದರೆ ಎಡದ್ದು ಬಲಕ್ಕೆ ಆಗುತ್ತದೆ. ಮುಂದಿನ ಆರು ತಿಂಗಳಿಗೆ ಅದೇ ಆಯಿತು.

ಹೀಗೆ ಆರು ತಿಂಗಳಿಗೊಮ್ಮೆ ಹಾಳೆ ಕೊಳ್ಳುತ್ತಿದ್ದವನು ವರ್ಷಕ್ಕೊಮ್ಮೆ ಕೊಳ್ಳತೊಡಗಿದ. ಸಾಫ್ಟ್‌ವೇರ್ ಅದನ್ನು ಗಮನಿಸಿತು. ಈ ವಿಭಾಗದಲ್ಲಿ ಇವನ ಕೊಳ್ಳಿಕೆ ಅರ್ಧಕ್ಕಿಳಿದಿದೆ ಎಂದು ಗುರುತು ಹಾಕಿತು. ಮುಂದೆ ವಿಭಾಗಗಳನ್ನು ಮತ್ತೆ ಹೊಸದಾಗಿ ವಿಂಗಡಿಸುವ ಕಾಲ ಬಂದಾಗ, ಬಿಡಬಹುದಾದ ಸಣ್ಣ ಗಿರಾಕಿಗಳ ಪಟ್ಟಿಯೊಂದನ್ನು ಅದೇ ತಯಾರಿಸಿ ಕೊಟ್ಟಿತು. ಆ ಪಟ್ಟಿಯಲ್ಲಿ ಅವನ ಹೆಸರಿತ್ತು.

ಗುರುಗಳು ಕತೆ ನಿಲ್ಲಿಸಿದರು. ಕೆಳಗಿಟ್ಟಿದ್ದ ಕಾಗದವನ್ನು ಇಂದುಧರ ನೋಡಿದ. ಎತ್ತಿಕೊಳ್ಳಲಿಲ್ಲ.

"ಹಾಗಾದರೆ ವಿಭಾಗ ಮಾಡುವುದೇ ತಪ್ಪೇ ಗುರುಗಳೇ?"

"ಮಾಡದೆ ಯಾವ ಸಂಸ್ಥೆ ನಡೆದೀತು? ನಾನು ಮೂವತ್ತು ವರ್ಷ ಮಾಡಿದೆ. ನೀನು ನಾಳೆ ಮಾಡುತ್ತೀಯ. ನೀನು ಬಿಟ್ಟರೆ ಇನ್ನೊಬ್ಬ ಮಾಡುತ್ತಾನೆ. ಇದಕ್ಕೊಂದು ಪರಿಹಾರ ಇಟ್ಟುಕೊಂಡು ನಾನು ಕತೆ ಹೇಳಲಿಲ್ಲ."

ಇಂದುಧರ ತಲೆ ತಗ್ಗಿಸಿದ. ಬೆರಳು ಮಡಚಿ ಎಣಿಸುತ್ತ ಕೇಳಿದ.

"ವರ್ತಕ, ಇಬ್ಬರು ಮೇಲ್ವಿಚಾರಕರು, ಗುಮಾಸ್ತ, ಆ ಮುದುಕ. ಎಲ್ಲರೂ ತಮ್ಮ ಕೆಲಸವನ್ನು ನಿಯಮದಂತೆಯೇ ಮಾಡಿದ್ದಾರೆ. ಒಬ್ಬರೂ ಕೆಟ್ಟವರಲ್ಲ. ಆದರೂ ತನ್ನೊಳಗೆ ಏನೋ ಆಗಬಾರದ್ದು ಆಗುತ್ತಿದೆ ಎಂದು ಆ ಸಂಸ್ಥೆಗೆ ಅಷ್ಟು ದಿನ ತಿಳಿಯಲೇ ಇಲ್ಲವಲ್ಲ, ಯಾಕೆ?"

ಗುರುಗಳು ಹೇಳಿದರು: "ಅದಕ್ಕೆಲ್ಲಿಯೂ ನೋಯಲಿಲ್ಲವಪ್ಪ."